ಹಿತ್ತಿಲ ರೈಲು ಎಲ್ಲಿ ನಿಲ್ಲಬೇಕು?

ಈ ಸಂಚಿಕೆಗೆ ಒಂದು ವಿಮರ್ಶೆ ಬರೆದುಕೊಡಿ ಎಂದು ಸಂಪಾದಕರು ಕೇಳಿದರು. ಪುಸ್ತಕದ್ದೋ ನಾಟಕದ್ದೋ ಬರುತ್ತದೆಂದು ಅವರು ಕಾದಿರಬೇಕು. ನಾವು ಒಂದು ರೈಲಿನ ವಿಮರ್ಶೆಯನ್ನು ಬರೆದಿದ್ದೇವೆ. ಆಟದ ರೈಲಿಗೂ ವಿಮರ್ಶೆಯೇ ಎಂದು ಸದಸ್ಯ ಬಾಂಧವರು ನಗಬಹುದು. ನಕ್ಕ ಮೇಲೆ ದಯವಿಟ್ಟು ಮುಂದೆ ಓದಿ.

ಬೇಸಿಗೆಯಲ್ಲಿ ಊರಿನಿಂದ ಅಪ್ಪ ಅಮ್ಮ ಬಂದರೆ ಎಲ್ಲೆಲ್ಲಿಗೆ ಕರೆದೊಯ್ಯಬೇಕು ಎಂಬ ಪಟ್ಟಿ ಶಿಕಾಗೋ ಕಡೆಯ ನಮಗೆಲ್ಲ ಬಾಯಿಪಾಠವಾಗಿದೆ. ಅರೋರಾದ ಬಾಲಾಜಿ, ಲೆಮಾಂಟಿನ ರಾಮ, ಸರೋವರದ ದಂಡೆ, ಆಮೇಲೆ ಗ್ಲೆನ್‌ಕೋ ಊರಿನ ಶಿಕಾಗೋ ಬೊಟಾನಿಕ್ ಗಾರ್ಡನ್. ಆ ಸಸ್ಯೋದ್ಯಾನದ ಒಂದು ಮೂಲೆಯಲ್ಲಿರುವ ಪುಟ್ಟ ರೈಲುಗಳನ್ನು ನೋಡಿ ಬಂದವರಲ್ಲಿ ಕೆಲವರ ತಲೆಗೆ ಒಂದು ಹುಳು ಹೊಕ್ಕುತ್ತದೆ: "ನಮ್ಮ ಮನೆಯ ಹಿತ್ತಿಲಲ್ಲೂ ಒಂದು ಮಾಡಿದರೆ ಹೇಗೆ?" ನಮ್ಮ ತಲೆಗೂ ಹೊಕ್ಕಿತು. ಅಂಥವರಿಗಾಗಿಯೇ ಈ ಬರಹ.

ಮೊದಲು ಗ್ಲೆನ್‌ಕೋ ರೈಲಿಗೆ ಸಲ್ಲಬೇಕಾದ ಮೆಚ್ಚುಗೆಯನ್ನು ಸಲ್ಲಿಸಿಬಿಡೋಣ. ಸುಮಾರು 7,500 ಚದರ ಅಡಿ ಜಾಗ, ಅದರಲ್ಲಿ 1,600 ಅಡಿ ಹಳಿ, ಅದರ ಮೇಲೆ ಹದಿನೇಳು ಹದಿನೆಂಟು ರೈಲುಗಳು. ಇದನ್ನು ರೂಪಿಸಿದ್ದು ಕೆಂಟಕಿಯ ಅಪ್ಲೈಡ್ ಇಮ್ಯಾಜಿನೇಷನ್ ಎಂಬ ಸಂಸ್ಥೆ. ಅದನ್ನು ಸ್ಥಾಪಿಸಿದ ಪಾಲ್ ಬುಸ್ಸಿ ಎಂಬವರು ಮೂಲತಃ ಉದ್ಯಾನ ವಿನ್ಯಾಸಕಾರರು. ಇಲ್ಲಿನ ಕಟ್ಟಡಗಳಿಗೆ ಮರದ ತೊಗಟೆ, ಕಡ್ಡಿ, ಎಲೆ, ಬೀಜ, ಪೈನ್ ಕಾಯಿಯ ಚಕ್ಕೆಗಳನ್ನು ಬಳಸಿದ್ದಾರೆ. ಹತ್ತಿರ ಹೋಗಿ ನೋಡಿದರೆ ಛಾವಣಿಯ ಹೆಂಚು ಒಂದು ಕಾಯಿಯ ಸಿಪ್ಪೆ, ಕಂಬದ ಬೋದಿಗೆ ಒಂದು ಬೀಜ. ನಮ್ಮ ಹೆಂಗಸರು ಗೌರಿಹಬ್ಬಕ್ಕೆ ಮಂಟಪ ಕಟ್ಟುವಾಗ ತೋರುವ ಜಾಣ್ಮೆಯೇ ಇದು. ಗಿಡಗಳನ್ನು ಕುಳ್ಳಾಗಿ ಕತ್ತರಿಸಿ, ರೈಲಿನ ಪಕ್ಕದಲ್ಲಿ ಮರವೆಂದೇ ತೋರುವಂತೆ ಬೆಳೆಸಿರುವ ತೋಟಗಾರರ ಕೈಗೆ ನಮಸ್ಕಾರ ಹೇಳಲೇಬೇಕು. ಆಟಿಕೆಯ ಅಂಗಡಿಯನ್ನು ತಂದು ಹುಲ್ಲಿನ ಮೇಲೆ ಸುರಿದಂತೆ ಎಲ್ಲಿಯೂ ಕಾಣುವುದಿಲ್ಲ.

ಆದರೆ ಅರ್ಧ ಗಂಟೆ ನಿಂತು ನೋಡಿದ ಮೇಲೆ ನಮಗೆ ಏನೋ ಸಾಲದು ಅನ್ನಿಸತೊಡಗಿತು. ಆ ತೋಟದಲ್ಲಿರುವುದು ಅಮೆರಿಕದ ಪ್ರಸಿದ್ಧ ಜಾಗಗಳ ಸಂತೆ. ಮೌಂಟ್ ರಷ್‌ಮೋರಿನ ಅಧ್ಯಕ್ಷರ ಮುಖಗಳು ಇವೆ. ಯೆಲ್ಲೊಸ್ಟೋನಿನ ಓಲ್ಡ್ ಫೇತ್‌ಫುಲ್ ಬುಗ್ಗೆ ಇದೆ. ಸ್ವಾತಂತ್ರ್ಯ ದೇವಿಯೂ ಇದ್ದಾಳೆ. ರೈಲು ಇವುಗಳ ಸುತ್ತ ಓಡುತ್ತದೆ, ಮತ್ತೆ ಓಡುತ್ತದೆ. ಯಾವ ರೈಲು ಎಲ್ಲಿಂದ ಹೊರಟಿತು, ಎಲ್ಲಿಗೆ ಹೋಗಬೇಕು, ಯಾರನ್ನು ಹತ್ತಿಸಿಕೊಂಡಿತು ಎಂಬ ಪ್ರಶ್ನೆಗೆ ಜಾಗವೇ ಇಲ್ಲ. ಗಾಣದ ಎತ್ತಿಗಾದರೂ ಒಂದು ಕೆಲಸವಿತ್ತು, ಎಣ್ಣೆ ಬರುತ್ತಿತ್ತು. ಇಲ್ಲಿ ರೈಲು ಬರೀ ಪ್ರದಕ್ಷಿಣೆ ಹಾಕುತ್ತದೆ.

ಈ ಕ್ರಮ ಗ್ಲೆನ್‌ಕೋದಲ್ಲಿ ಹುಟ್ಟಿದ್ದಲ್ಲ. ಇದರ ಬೇರು ಶಿಕಾಗೋ ಮತ್ತು ಡೆಟ್ರಾಯಿಟ್ ಎರಡೂ ಕಡೆ ಹರಡಿದೆ. ಹೆನ್ರಿ ಫೋರ್ಡ್ ತನಗೆ ಮೆಚ್ಚಿಗೆಯಾದ ಹಳೆಯ ಮನೆಗಳನ್ನು ಬಿಚ್ಚಿ ಸಾಗಿಸಿ ಡಿಯರ್‌ಬಾರ್ನ್‌ನಲ್ಲಿ ಗ್ರೀನ್‌ಫೀಲ್ಡ್ ವಿಲೇಜ್ ಎಂಬ ಊರನ್ನೇ ಜೋಡಿಸಿದರು. 1929ರಲ್ಲಿ ಅದರ ಸಮರ್ಪಣೆಯಾಯಿತು. ಓಹಾಯೋದಲ್ಲಿದ್ದ ರೈಟ್ ಸಹೋದರರ ಮನೆ ಮತ್ತು ಸೈಕಲ್ ಅಂಗಡಿಯೂ ನ್ಯೂಜೆರ್ಸಿಯ ಎಡಿಸನ್ ಪ್ರಯೋಗಶಾಲೆಯೂ ಅಲ್ಲಿ ನೆರೆಹೊರೆಯಾದವು. 1948ರ ಬೇಸಿಗೆಯಲ್ಲಿ ಶಿಕಾಗೋ ಸರೋವರದ ದಂಡೆಯಲ್ಲಿ ದೊಡ್ಡ ರೈಲ್ವೆ ಮೇಳ ನಡೆಯಿತು. ಅದನ್ನು ನೋಡಲು ವಾಲ್ಟ್ ಡಿಸ್ನಿ ತಮ್ಮ ಚಿತ್ರಕಾರ ಗೆಳೆಯ ವಾರ್ಡ್ ಕಿಂಬಲ್ ಜೊತೆ ಕ್ಯಾಲಿಫೋರ್ನಿಯಾದಿಂದ ರೈಲಿನಲ್ಲೇ ಬಂದರು. ಅಲ್ಲಿಂದ ಗ್ರೀನ್‌ಫೀಲ್ಡ್ ವಿಲೇಜನ್ನೂ ನೋಡಿಕೊಂಡು ಹೋದರು. ಮನೆಗೆ ಮರಳಿದ ಮೇಲೆ ಡಿಸ್ನಿ ಮಾಡಿದ್ದು ಏನು? ತಮ್ಮ ಹಿತ್ತಿಲಲ್ಲಿ ನೆಲಮಟ್ಟದ ರೈಲು ಹಾಕಿದ್ದು! ಅಸಲಿನ ಎಂಟನೇ ಒಂದು ಅಳತೆ, ಏಳೂಕಾಲು ಅಂಗುಲದ ಹಳಿ, ಒಟ್ಟು 2,615 ಅಡಿ ಉದ್ದ. 1950ರಲ್ಲಿ ಅದು ಓಡಿತು. 1955ರಲ್ಲಿ ತೆರೆದ ಡಿಸ್ನಿಲ್ಯಾಂಡಿನ ಸುತ್ತಲೂ ರೈಲು ಇರುವುದನ್ನು ನಮ್ಮ ಮಕ್ಕಳೆಲ್ಲ ನೋಡಿದ್ದಾರೆ.

ಪ್ರಸಿದ್ಧವಾದದ್ದನ್ನೆಲ್ಲ ಒಂದು ಬೇಲಿಯೊಳಗೆ ತಂದು ಕೂಡಿಹಾಕುವುದು, ಸುತ್ತ ಒಂದು ರೈಲು ಬಿಡುವುದು: ಈ ಪದ್ಧತಿ ಹೀಗೆ ರೂಢಿಯಾಯಿತು ಎಂದು ನಮ್ಮ ಎಣಿಕೆ. ಗ್ಲೆನ್‌ಕೋ ತೋಟ ಅದರ ಒಂದು ಸೊಗಸಾದ ಕುಡಿ. ಆದರೆ ಡಿಸ್ನಿಯವರ ಮನೆಯ ರೈಲಿನಲ್ಲಿ ಈ ದೋಷ ಇರಲಿಲ್ಲ ಎಂಬುದನ್ನು ಗಮನಿಸಬೇಕು. ಅಲ್ಲಿ ಹಳಿಯ ದಾರಿಯನ್ನು ತೀರ್ಮಾನಿಸಿದ್ದು ಅವರ ಹೆಂಡತಿಯ ಹೂವಿನ ಪಾತಿ. ಲಿಲಿಯನ್ ಡಿಸ್ನಿಯವರು ಪಾತಿಯನ್ನು ಬಿಟ್ಟುಕೊಡಲಿಲ್ಲ; ಅದಕ್ಕಾಗಿ 90 ಅಡಿಯ ಸುರಂಗವನ್ನು ಅದರ ಕೆಳಗೆ ತೋಡಿಸಿದರು. ಎಂಜಿನ್ನಿಗೆ ಹೆಂಡತಿಯ ಗೌರವಾರ್ಥವಾಗಿ ಲಿಲ್ಲಿ ಬೆಲ್ ಎಂದು ಹೆಸರಿಟ್ಟರು. ಸುರಂಗಕ್ಕೊಂದು ಕಾರಣವಿತ್ತು. ಹಿತ್ತಿಲ ರೈಲು ಚೆನ್ನಾಗಿದೆಯೋ ಇಲ್ಲವೋ ಎಂದು ತೂಗುವಾಗ ನಾವು ಕೇಳಬೇಕಾದ ಮೊದಲ ಪ್ರಶ್ನೆ ಇದೇ: ಈ ತಿರುವಿಗೆ, ಈ ಸೇತುವೆಗೆ, ಈ ಸ್ಟೇಷನ್ನಿಗೆ ಕಾರಣ ಏನು?

ಈ ಪ್ರಶ್ನೆಗೆ ಶಿಕಾಗೋದಲ್ಲೇ ಇನ್ನೊಂದು ಕಡೆ ಉತ್ತಮವಾದ ಉತ್ತರವಿದೆ. 2024ರಿಂದ ಗ್ರಿಫಿನ್ ಎಂಬ ಹೆಸರನ್ನು ಮುಂದೆ ಸೇರಿಸಿಕೊಂಡಿರುವ ವಿಜ್ಞಾನ ಮತ್ತು ಕೈಗಾರಿಕಾ ಮ್ಯೂಸಿಯಮ್ಮಿನಲ್ಲಿ 2002ರಲ್ಲಿ ತೆರೆದ ರೈಲಿನ ಮಾದರಿ ಒಳಾಂಗಣದ್ದು. ಗಿಡವಿಲ್ಲ, ಮಣ್ಣಿಲ್ಲ, ರೈಲೂ ಅಸಲಿನ 87ನೇ ಒಂದು ಅಳತೆಯ ಚಿಕ್ಕದು. ಜಾಗ 3,500 ಚದರ ಅಡಿ, ಹಳಿ 1,400 ಅಡಿ. ಆದರೆ ಅದು ಶಿಕಾಗೋದಿಂದ ಸಿಯಾಟಲ್‌ಗೆ ಹೋಗುವ ದಾರಿ. ಒಂದು ತುದಿಯಲ್ಲಿ ಎತ್ತರದ ಕಟ್ಟಡಗಳು, ನಡುವೆ ಬಯಲು ಮತ್ತು ಬೆಟ್ಟ, ಇನ್ನೊಂದು ತುದಿಯಲ್ಲಿ ಬಂದರು. ಅದರ ಪಕ್ಕದಲ್ಲಿ ನಡೆದುಹೋಗುವ ಹುಡುಗನಿಗೆ ಗೋಧಿ ಎಲ್ಲಿಂದ ಬರುತ್ತದೆ, ಹಡಗಿನ ಸಾಮಾನು ಎಲ್ಲಿಗೆ ಹೋಗುತ್ತದೆ ಎಂಬುದು ಹೇಳಿಕೊಡದೆ ತಿಳಿಯುತ್ತದೆ. ಗ್ಲೆನ್‌ಕೋದಲ್ಲಿ ತೋಟವಿದೆ, ಪ್ರಯಾಣವಿಲ್ಲ. ಮ್ಯೂಸಿಯಮ್ಮಿನಲ್ಲಿ ಪ್ರಯಾಣವಿದೆ, ತೋಟವಿಲ್ಲ. ಮನೆಯಲ್ಲಿ ಮಾಡುವವರು ಎರಡನ್ನೂ ಕೂಡಿಸಬಹುದು ಎಂದು ನಾವು ಲೆಕ್ಕ ಹಾಕಿದೆವು.

ಲೆಕ್ಕವೇನೋ ಸರಿ, ಮಾಡಿದ್ದು ಮಾತ್ರ ತಪ್ಪು. ಅದನ್ನು ಹೇಳದಿದ್ದರೆ ಈ ವಿಮರ್ಶೆ ಬರೆಯುವ ಹಕ್ಕು ನಮಗಿಲ್ಲ.

ತೋಟದ ರೈಲಿಗೆ ಸಾಮಾನ್ಯವಾಗಿ ಬಳಸುವುದು 45 ಮಿಲಿಮೀಟರ್ ಅಗಲದ ಹಳಿ. ಜರ್ಮನಿಯ ನ್ಯೂರೆಂಬರ್ಗಿನ ಲೇಮನ್ ಕಂಪನಿ 1968ರಲ್ಲಿ ಎಲ್‌ಜಿಬಿ ಎಂಬ ಹೆಸರಿನಲ್ಲಿ ತಂದ ರೈಲಿನಿಂದ ಇದು ಹಿತ್ತಿಲುಗಳಲ್ಲಿ ರೂಢಿಗೆ ಬಂತು. ಅದರ ಅಳತೆ ಅಸಲಿನ 22.5ನೇ ಒಂದು ಭಾಗ. ಒಂದು ದಿನ ರಾತ್ರಿ ಪಾಳಿ ಮುಗಿಸಿ ಬಂದು ಕಾಗದದ ಮೇಲೆ 45ನ್ನು 22.5ರಿಂದ ಗುಣಿಸಿದೆವು. ಬಂದದ್ದು 1,012 ಮಿಲಿಮೀಟರ್. ಅಂದರೆ ಮೀಟರ್‌ಗೇಜ್! ಜರ್ಮನರು ತಮ್ಮ ಬೆಟ್ಟದ ಕಡೆಯ ಚಿಕ್ಕ ರೈಲುಗಳಿಗಾಗಿ ಮಾಡಿದ ಅಳತೆ, ನಾವು ಹುಡುಗರಾಗಿದ್ದಾಗ ಮೈಸೂರಿನಿಂದ ಅರಸೀಕೆರೆಗೆ ಹೋಗುತ್ತಿದ್ದ ರೈಲಿನ ಅಳತೆಯೇ ಆಗಿತ್ತು. ಆ ದಾರಿಗಳೆಲ್ಲ ಬ್ರಾಡ್‌ಗೇಜ್ ಆಗಿ ಎಷ್ಟೋ ವರ್ಷವಾಯಿತು. ಊರಿನಲ್ಲಿ ಇಲ್ಲವಾದ ಹಳಿ ಇಲಿನಾಯ್ಸಿನ ಅಂಗಡಿಯಲ್ಲಿ ಡಬ್ಬಿಯೊಳಗೆ ಸಿಗುತ್ತದೆ ಎಂದಾಗ ನಮ್ಮ ಸಂಭ್ರಮ ನೋಡಬೇಕಿತ್ತು. ಕೊಳ್ಳುವವರಿಗೆ ಒಂದು ಎಚ್ಚರಿಕೆ: ಇದೇ 45 ಮಿ.ಮೀ. ಹಳಿಯ ಮೇಲೆ ಓಡುವ ಬಂಡಿಗಳು 1:32, 1:29, 1:22.5, 1:20.3 ಎಂದು ನಾನಾ ಅಳತೆಯಲ್ಲಿ ಬರುತ್ತವೆ. ಡಬ್ಬಿ ನೋಡದೆ ತಂದರೆ ಎಂಜಿನ್ ಡ್ರೈವರನಿಗಿಂತ ಡಬ್ಬಿಯೊಳಗಿನ ಪ್ರಯಾಣಿಕ ಎರಡು ಗೇಣು ಎತ್ತರವಾಗಿ ಕೂತಿರುತ್ತಾನೆ.

ಮನೆಯವರೊಡನೆ ಸಂಧಾನ ನಡೆಸಿ, ಬದನೆ ಮತ್ತು ಮೆಣಸಿನ ಪಾತಿಯನ್ನು ಮುಟ್ಟುವುದಿಲ್ಲವೆಂದು ಮಾತು ಕೊಟ್ಟು, ಬೇಲಿಯ ಪಕ್ಕದಲ್ಲಿ 100 ಅಡಿ ಹಳಿಯ ಒಂದು ಸುತ್ತು ಹಾಕಿದೆವು. ಹಾಕಿ, ಅದರೊಳಗೆ ಏನಿಟ್ಟೆವು ಗೊತ್ತೇ? ಮೈಸೂರು ಅರಮನೆ. ಅದರ ಪಕ್ಕದಲ್ಲಿ ವಿಧಾನಸೌಧ. ಅದಕ್ಕೆ ಎದುರಾಗಿ ಗೋಲ್‌ಗುಂಬಜ್. ಮೂಲೆಯಲ್ಲಿ ಪಂಪು ಇಟ್ಟು ಜೋಗ. ಎಲ್ಲವೂ ಪ್ಲೈವುಡ್ಡಿನವು, ಬಣ್ಣ ಹೊಡೆದವು. ಗ್ಲೆನ್‌ಕೋದಲ್ಲಿ ಯಾವುದು ಸಾಲದು ಅನ್ನಿಸಿತ್ತೋ ಅದನ್ನೇ ನಮ್ಮ ಕೈಯಾರೆ, ಅವರ ಕುಶಲತೆಯ ನೂರನೇ ಒಂದು ಪಾಲೂ ಇಲ್ಲದೆ, ಮಾಡಿಟ್ಟಿದ್ದೆವು. ರಾಜ್ಯೋತ್ಸವದ ವೇದಿಕೆಯ ಹಿಂದೆ ಪ್ರತಿವರ್ಷ ನಿಲ್ಲಿಸುವ ಪರದೆ ಹುಲ್ಲಿನ ಮೇಲೆ ಬಂದು ಕೂತಿತ್ತು. ನೋಡಿದವರೆಲ್ಲ ಫೋಟೋ ತೆಗೆದುಕೊಂಡರು. ಎರಡನೇ ಬಾರಿ ನೋಡಲು ಯಾರೂ ಬರಲಿಲ್ಲ.

ಮರುವರ್ಷ ನಮ್ಮ ತಂದೆಯವರು ಬಂದರು. ಅವರು ಆರ್‌ಎಂಎಸ್‌ನಲ್ಲಿ, ಅಂದರೆ ರೈಲ್ವೆ ಅಂಚೆಯಲ್ಲಿ, ಸಾರ್ಟರ್ ಆಗಿದ್ದವರು. ರಾತ್ರಿಯಿಡೀ ಓಡುವ ಡಬ್ಬಿಯಲ್ಲಿ ನಿಂತು ಕಾಗದಗಳನ್ನು ಊರೂರಿನ ಗೂಡಿಗೆ ಎಸೆದು, ಆಯಾ ಸ್ಟೇಷನ್ನಿನಲ್ಲಿ ಚೀಲ ಇಳಿಸಿ, ಚೀಲ ಹತ್ತಿಸಿಕೊಂಡವರು. ಅವರನ್ನು ಕುರ್ಚಿ ಹಾಕಿ ಕೂರಿಸಿ ರೈಲು ಬಿಟ್ಟೆವು. ಐದು ನಿಮಿಷ ನೋಡಿದರು. ಆಮೇಲೆ ಕೇಳಿದರು: "ಏನಪ್ಪ, ಇದು ನಿಲ್ಲೋದೇ ಇಲ್ವಾ?"

ಬೇಕಾದರೆ ನಿಲ್ಲಿಸಬಹುದು ಎಂದೆವು.

"ಬೇಕಾದ್ರೆ ಅಂದ್ರೇನು? ಚೀಲ ಇಳಿಸೋಕ್ಕೂ ಪುರುಸೊತ್ತು ಕೊಡಲ್ವಲ್ಲಪ್ಪ ನಿನ್ನ ರೈಲು. ಕ್ರಾಸಿಂಗ್ ಎಲ್ಲಿ ಆಗತ್ತೆ?"

ವಿಮರ್ಶೆ ಅಂದರೆ ಇದು. ನಾವು ಇಷ್ಟು ಪುಟ ಬರೆದು ಹೇಳುತ್ತಿರುವುದನ್ನು ಅವರು ಎರಡು ಮಾತಿನಲ್ಲಿ ಮುಗಿಸಿದರು. ನಮ್ಮ ಕಾಲದ ಒಂಟಿ ಹಳಿಯ ದಾರಿಯಲ್ಲಿ ಎದುರು ರೈಲಿಗಾಗಿ ಕಾಯುವುದೇ ಪ್ರಯಾಣದ ಅರ್ಧ ಭಾಗ. ಸ್ಟೇಷನ್ ಮಾಸ್ಟರು ಬಳೆಗೆ ಕಟ್ಟಿದ ಟೋಕನ್ ಹಿಡಿದು ನಿಂತಿರುತ್ತಿದ್ದರು. ಅದು ಕೈಗೆ ಸಿಗದೆ ಡ್ರೈವರು ಮುಂದಕ್ಕೆ ಹೋಗುವಂತಿರಲಿಲ್ಲ. ಆ ಹೊತ್ತಿನಲ್ಲೇ ಕಾಫಿ, ಆ ಹೊತ್ತಿನಲ್ಲೇ ಕಡಲೆಕಾಯಿ, ಆ ಹೊತ್ತಿನಲ್ಲೇ ಎದುರು ಸೀಟಿನವರ ಊರು ಮನೆತನದ ವಿಚಾರಣೆ. ಮದ್ದೂರು ವಡೆ ಹುಟ್ಟಿದ ಕತೆ ನಿಮಗೆಲ್ಲ ಗೊತ್ತು. 1917ರಲ್ಲಿ ಮದ್ದೂರು ಸ್ಟೇಷನ್ನಿನ ಫಲಾಹಾರದ ಅಂಗಡಿಯ ರಾಮಚಂದ್ರ ಬುಧ್ಯ ಎಂಬವರು, ರೈಲಿನ ವೇಳೆ ಬದಲಾದ್ದರಿಂದ ಪಕೋಡದ ಹಿಟ್ಟನ್ನೇ ತಟ್ಟಿ ಬೇಗ ಕರಿದುಕೊಟ್ಟರು ಎನ್ನುತ್ತಾರೆ. ರೈಲು ಮದ್ದೂರಿನಲ್ಲಿ ನಿಲ್ಲದೆ ಹೋಗಿದ್ದರೆ ಆ ವಡೆ ಇಲ್ಲ. ಚನ್ನಪಟ್ಟಣದ ಗೊಂಬೆ ನಮ್ಮ ಮನೆ ಸೇರಿದ್ದೂ ರೈಲಿನ ಕಿಟಕಿಯಿಂದಲೇ. ನಮಗೆ ಊರು ನೆನಪಾಗುವುದು ಅರಮನೆಯಿಂದಲ್ಲ. ರೈಲು ನಿಂತಾಗ ಕಂಡದ್ದರಿಂದ.

ಒಂದು ಲೆಕ್ಕ ಕೊಡುತ್ತೇವೆ. ಈ ಅಳತೆಯಲ್ಲಿ ಒಂದು ಕಿಲೋಮೀಟರ್ ಎಂದರೆ 44 ಮೀಟರ್. ಮೈಸೂರಿನಿಂದ ಬೆಂಗಳೂರಿಗೆ 139 ಕಿಲೋಮೀಟರ್; ಅದನ್ನು ಅಳತೆಗೆ ಸರಿಯಾಗಿ ಮಾಡಬೇಕಾದರೆ ಆರು ಕಿಲೋಮೀಟರಿಗೂ ಮಿಕ್ಕಿ ಹಳಿ ಬೇಕು. ಗ್ಲೆನ್‌ಕೋದ 1,600 ಅಡಿಯೂ 11 ಕಿಲೋಮೀಟರಿಗೆ ಮುಗಿಯುತ್ತದೆ. ನಮ್ಮ 100 ಅಡಿ ಒಂದು ಕಿಲೋಮೀಟರೂ ಆಗುವುದಿಲ್ಲ. ಆದ್ದರಿಂದ ಹಿತ್ತಿಲ ರೈಲು ಯಾರೇ ಮಾಡಲಿ, ಬಹುಪಾಲನ್ನು ಬಿಡಲೇಬೇಕು. ಏನನ್ನು ಬಿಟ್ಟರು, ಏನನ್ನು ಉಳಿಸಿಕೊಂಡರು ಎಂಬುದರಲ್ಲೇ ಮಾಡಿದವರ ಅಭಿರುಚಿ ಇದೆ. ಗ್ಲೆನ್‌ಕೋದವರು ದಾರಿಯನ್ನು ಬಿಟ್ಟು ಹೆಸರಾದ ಜಾಗಗಳನ್ನು ಉಳಿಸಿಕೊಂಡರು. ದಿನಕ್ಕೆ ನೂರಾರು ಜನ ಬಂದು ಹತ್ತು ನಿಮಿಷ ನೋಡಿ ಹೋಗುವ ಸಾರ್ವಜನಿಕ ತೋಟಕ್ಕೆ ಅದು ಅನಿವಾರ್ಯವೂ ಇರಬಹುದು. ಮನೆಯ ಹಿತ್ತಿಲಿಗೆ ಆ ಬಲವಂತವಿಲ್ಲ. ನಾವು ಹೆಸರಾದ ಜಾಗಗಳನ್ನು ಬಿಟ್ಟು ನಿಲ್ಲುವ ಜಾಗಗಳನ್ನು ಉಳಿಸಿಕೊಳ್ಳಬಹುದು.

ಅದೇ ವಾರ ತಂದೆಯವರನ್ನು ಡೆಟ್ರಾಯಿಟ್ ಕಡೆಯ ತಂಗಿಯ ಮನೆಗೆ ಬಿಡಲು ಹೊರಟೆವು. ಕಾರು ಬೇಡ ಎಂದು ಹಟ ಹಿಡಿದು ಆಮ್‌ಟ್ರ್ಯಾಕಿನ ವುಲ್ವರಿನ್ ರೈಲನ್ನೇ ಹತ್ತಿಸಿಕೊಂಡರು. ಕಿಟಕಿಯ ಪಕ್ಕ ಕೂತು ನೈಲ್ಸ್, ಕಲಮಜೂ, ಬ್ಯಾಟಲ್ ಕ್ರೀಕ್, ಜಾಕ್ಸನ್, ಆನ್ ಆರ್ಬರ್, ಡಿಯರ್‌ಬಾರ್ನ್ ಎಂದು ನಿಂತ ಕಡೆಯಲ್ಲೆಲ್ಲ ಹೆಸರು ಕೇಳಿ ಚೀಟಿಯಲ್ಲಿ ಬರೆದುಕೊಂಡರು. ಈ ದಾರಿಯಲ್ಲಿ ನಾವು ಇಪ್ಪತ್ತು ವರ್ಷ ಕಾರಿನಲ್ಲಿ ಓಡಾಡಿದ್ದೇವೆ. ಹೆದ್ದಾರಿಯ ಪೆಟ್ರೋಲ್ ಬಂಕುಗಳನ್ನು ಬಿಟ್ಟರೆ ಒಂದು ಊರೂ ನಮಗೆ ಗೊತ್ತಿರಲಿಲ್ಲ.

ಮರಳಿ ಬಂದ ಮೇಲೆ ಅರಮನೆ, ಸೌಧ, ಗುಂಬಜ್ ಎಲ್ಲವೂ ಗ್ಯಾರೇಜು ಸೇರಿದವು. ಸುತ್ತು ಹಾಗೆಯೇ ಇದೆ, ಆದರೆ ಈಗ ಎರಡು ಸ್ಟೇಷನ್: ಅಕ್ಕಿಹೆಬ್ಬಾಳು, ಹೊಳೆನರಸೀಪುರ. ಅಕ್ಕಿಹೆಬ್ಬಾಳಿನಲ್ಲಿ ಒಂದು ಕ್ರಾಸಿಂಗ್ ಹಳಿ. ನಡುವೆ ಕಲ್ಲು ಹರಡಿದ ಒಂದು ಒಣ ತೋಡು. ಮಳೆ ಬಂದ ದಿನ ಅದು ಹೇಮಾವತಿ. ಎರಡು ರೈಲು, ಎರಡು ಕಂಟ್ರೋಲರ್. ಟೋಕನ್ ಎಂದರೆ ಒಂದು ಹಳೆಯ ಗಾಜಿನ ಬಳೆ. ಅದು ಕೈಯಲ್ಲಿರುವ ಹುಡುಗ ಮಾತ್ರ ರೈಲು ಬಿಡಬಹುದು, ಇನ್ನೊಬ್ಬ ಕಾಯಬೇಕು. ಕೂಟದ ಮಕ್ಕಳು ಭಾನುವಾರ ಬಂದರೆ ಕಾಯುವುದಕ್ಕಾಗಿಯೇ ಜಗಳವಾಡುತ್ತಾರೆ, ಯಾಕೆಂದರೆ ಕಾಯುವವನಿಗೆ ಚೀಲ ಇಳಿಸುವ ಕೆಲಸ. ಗದ್ದೆ ಬೇಕೆಂದು ತಂದೆಯವರು ಅಡುಗೆಮನೆಯ ಡಬ್ಬಿಯಿಂದ ಮೆಂತ್ಯ, ಸಾಸಿವೆ ತಂದು ಹಳಿಯ ಪಕ್ಕ ಚೆಲ್ಲಿದರು. ವಾರದಲ್ಲಿ ಹಸಿರಾಯಿತು. ಎರಡು ಅಂಗುಲ ಬೆಳೆದಾಗ ಅದು ಅಳತೆಗೆ ಸರಿಯಾದ ಬೆಳೆ. ನಾಲ್ಕು ಅಂಗುಲಕ್ಕೆ ಬಂದಾಗ ಕೊಯ್ದು ಹುಳಿಗೆ ಹಾಕಿದೆವು.

ಮಾಡಬೇಕೆನ್ನುವವರಿಗೆ ನೆಲದ ವಿಷಯ ನಾಲ್ಕು ಮಾತು. ಶಿಕಾಗೋ, ಡೆಟ್ರಾಯಿಟ್ ಎರಡೂ ಕಡೆ ಮನೆಯ ಪಾಯವನ್ನು 42 ಅಂಗುಲ ಆಳಕ್ಕೆ ಇಳಿಸುತ್ತಾರೆ. ಚಳಿಗಾಲದಲ್ಲಿ ಮಣ್ಣು ಅಷ್ಟು ಆಳದವರೆಗೆ ಹೆಪ್ಪುಗಟ್ಟಬಹುದೆಂಬ ಲೆಕ್ಕದಿಂದ. ಹೆಪ್ಪುಗಟ್ಟಿದ ಮಣ್ಣು ಉಬ್ಬುತ್ತದೆ. ಆಟದ ರೈಲಿಗೆ ಯಾರೂ ಅಷ್ಟು ತೋಡುವುದಿಲ್ಲ; ಕಾಂಕ್ರೀಟು ಹಾಕಿದರೆ ಬಿರುಕು ಬಿಡುತ್ತದೆ. ಆರಂಗುಲ ಕಾಲುವೆ ತೋಡಿ, ಪುಡಿ ಸಮೇತ ಒಡೆದ ಜಲ್ಲಿ ತುಂಬಿ, ಹಳಿಯನ್ನು ಅದರ ಮೇಲೆ ಸುಮ್ಮನೆ ಕೂರಿಸಬೇಕು. ಉರುಟು ಕಲ್ಲು ಬೇಡ, ಜಾರುತ್ತದೆ. ಹಿತ್ತಾಳೆ ಹಳಿ ಜನವರಿಯ ಚಳಿಗೂ ಜುಲೈ ಬಿಸಿಲಿಗೂ ನಡುವೆ ಮೀಟರಿಗೆ ಒಂದು ಮಿಲಿಮೀಟರಿನಷ್ಟು ಹಿಗ್ಗುತ್ತದೆ. 100 ಅಡಿಗೆ ಮೂರು ಸೆಂಟಿಮೀಟರ್. ಕೂಡುಗಳಲ್ಲಿ ಸಂದು ಬಿಡದಿದ್ದರೆ ಹಳಿ ಹಾವಾಗುತ್ತದೆ. ಏರು ನೂರಕ್ಕೆ ಎರಡನ್ನು ಮೀರದಿರಲಿ. ಸಕಲೇಶಪುರದಿಂದ ಸುಬ್ರಹ್ಮಣ್ಯಕ್ಕೆ ಇಳಿಯುವ, 57 ಸುರಂಗಗಳ ಘಾಟಿಯ ರೈಲಿಗೂ ಐವತ್ತಕ್ಕೆ ಒಂದೇ, ಅಂದರೆ ಅಷ್ಟೇ ಏರು.

ನೆಲಮಟ್ಟದ್ದೇ ಏಕೆ, ಸೊಂಟದೆತ್ತರಕ್ಕೆ ಕಟ್ಟೆ ಕಟ್ಟಿ ಹಾಕಬಾರದೇ ಎಂದು ಕೇಳುವವರಿದ್ದಾರೆ. ಐವತ್ತು ದಾಟಿದ ಮಂಡಿಗಳಿಗೆ ಕಟ್ಟೆಯೇ ವಾಸಿ ಎಂದು ವೈದ್ಯರಾಗಿ ಒಪ್ಪುತ್ತೇವೆ. ಆದರೆ ನೆಲಮಟ್ಟದ ರೈಲನ್ನು ನಿಂತು ನೋಡಿದರೆ ವಿಮಾನದಿಂದ ನೋಡಿದ ಹಾಗೆ. ಅದನ್ನು ನೋಡುವ ಸರಿಯಾದ ಭಂಗಿ ಹುಲ್ಲಿನ ಮೇಲೆ ಬೋರಲು ಮಲಗುವುದು. ಮಕ್ಕಳಿಗೆ ಇದನ್ನು ಯಾರೂ ಹೇಳಿಕೊಡಬೇಕಾಗಿಲ್ಲ. ಕೆನ್ನೆ ನೆಲಕ್ಕೆ ತಾಗಿದಾಗ ಮೆಂತ್ಯದ ಗದ್ದೆಯ ಆಚೆಯಿಂದ ಬರುವ ರೈಲು ನಿಜವಾಗಿಯೂ ದೂರದಿಂದ ಬರುತ್ತದೆ.

ಕೊನೆಗೆ ಕೂಟದ ಹಿರಿಯರಿಗೆ ಒಂದು ವಿನಂತಿ, ಕೋಪಿಸಿಕೊಳ್ಳಬೇಡಿ. ನಮ್ಮ ಕಾರ್ಯಕ್ರಮಗಳೂ ಸ್ವಲ್ಪ ಗ್ಲೆನ್‌ಕೋ ರೈಲಿನ ಹಾಗೆಯೇ ಆಗಿವೆ. ಮೂರು ಗಂಟೆಯಲ್ಲಿ ಇಪ್ಪತ್ತೆಂಟು ಐಟಂ. ಯಕ್ಷಗಾನ ಆರು ನಿಮಿಷ, ಡೊಳ್ಳು ನಾಲ್ಕು ನಿಮಿಷ. ಎಲ್ಲವೂ ಇದೆ, ಎಲ್ಲಿಯೂ ನಿಲ್ಲುವುದಿಲ್ಲ. ಇಲ್ಲಿ ಹುಟ್ಟಿದ ಮಕ್ಕಳಿಗೆ ನಾವು ಊರನ್ನು ದಾಟಿಸುವುದು ಹೆಸರುಗಳ ಪಟ್ಟಿಯಾಗಿಯೋ, ಇಳಿದು ನಾಲ್ಕು ಮಾತಾಡಬಹುದಾದ ಜಾಗವಾಗಿಯೋ ಎಂಬುದನ್ನು ಮುಂದಿನ ಸಮಿತಿ ಯೋಚಿಸಲಿ.

ತಂದೆಯವರು ಅಕ್ಟೋಬರಿನಲ್ಲಿ ಚಳಿಗೆ ಹೆದರಿ ಊರಿಗೆ ಹೊರಟರು. ಈ ಏಪ್ರಿಲ್‌ನಲ್ಲಿ ಹಿಮ ಕರಗಿದ ಮೇಲೆ ನೋಡಿದರೆ ಹೊಳೆನರಸೀಪುರದ ಬಳಿ ಹಳಿ ಎರಡು ಅಂಗುಲ ಮೇಲೆದ್ದಿತ್ತು. ಫೋನಿನಲ್ಲಿ ಹೇಳಿದೆವು. "ಗ್ಯಾಂಗ್‌ಮನ್ ಇಲ್ದೆ ಯಾವ ರೈಲು ನಡೆಯತ್ತೆ? ಹೋಗಿ ಜಲ್ಲಿ ಹಾಕು" ಎಂದರು. ಹಾಕಿದ್ದೇವೆ. ಭಾನುವಾರ ಮಧ್ಯಾಹ್ನ ನಾಲ್ಕರಿಂದ ರೈಲು ಓಡುತ್ತದೆ, ಅಕ್ಕಿಹೆಬ್ಬಾಳಿನಲ್ಲಿ ಕ್ರಾಸಿಂಗ್ ಇರುತ್ತದೆ, ಆ ಹೊತ್ತಿಗೆ ಕಾಫಿಯೂ ಸಿಗುತ್ತದೆ. ಮಕ್ಕಳನ್ನು ಕರೆದುಕೊಂಡು ಬನ್ನಿ. ಹಳೆಯ ಬಟ್ಟೆ ಹಾಕಿಕೊಂಡು ಬನ್ನಿ, ಹುಲ್ಲಿನ ಮೇಲೆ ಮಲಗಬೇಕಾಗುತ್ತದೆ.